ಹಸಿಮೇವು ನಿಂತ ಬೇಸಿಗೆಯಲ್ಲಿ ಕುದುರೆಯ ನೀರಿನ ಲೆಕ್ಕ

ಯಲಹಂಕದಾಚೆಯ ನಮ್ಮ ಸಣ್ಣ ಲಾಯದಲ್ಲಿ ಎರಡು ಕುದುರೆಗಳಿವೆ. ಮೇವು, ಲಾಳ, ಹುಳುವಿನ ಔಷಧಿ ಎಲ್ಲಕ್ಕೂ ಪುಸ್ತಕದಲ್ಲಿ ಲೆಕ್ಕ ಇಡುತ್ತಿದ್ದ ನಾನು 2024ರ ಬೇಸಿಗೆಯವರೆಗೂ ನೀರಿನ ಲೆಕ್ಕವನ್ನು ಮಾತ್ರ ಬರೆದಿರಲಿಲ್ಲ. ಕುದುರೆ ಮೂತಿಯಿಂದ ಒತ್ತಿದರೆ ತಾನಾಗಿ ನೀರು ತುಂಬಿಕೊಳ್ಳುವ ಬಟ್ಟಲನ್ನು ಗೋಡೆಗೆ ಕೂರಿಸಿದ್ದೆವು. ಬಟ್ಟಲು ಸದಾ ತುಂಬಿರುತ್ತಿದ್ದುದರಿಂದ ಅವು ಸಾಕಷ್ಟು ಕುಡಿಯುತ್ತಿವೆ ಎಂದೇ ನಂಬಿದ್ದೆ.

ಆ ವರ್ಷ ಮಾರ್ಚ್ ತಿಂಗಳಲ್ಲಿ ನಮ್ಮ ಕೊಳವೆಬಾವಿ ಬತ್ತಿ ಟ್ಯಾಂಕರ್ ನೀರು ತರಿಸಬೇಕಾಯಿತು. ನೇಪಿಯರ್ ಹುಲ್ಲು ಕೊಡುತ್ತಿದ್ದ ರೈತರ ಬಾವಿಯೂ ಅದೇ ವಾರ ಕೈಕೊಟ್ಟಿದ್ದರಿಂದ ಹಸಿಮೇವು ನಿಂತು, ರಾಗಿ ಹುಲ್ಲು ಮತ್ತು ಒಣಗಿಸಿದ ಕುದುರೆಮಸಾಲೆ (ಲೂಸರ್ನ್) ಸೊಪ್ಪಿನಲ್ಲೇ ದಿನ ದೂಡತೊಡಗಿದೆವು. ನಾಲ್ಕನೆಯ ಬೆಳಿಗ್ಗೆ ಲಾಯ ಗುಡಿಸುತ್ತಿದ್ದ ಸೈಸ್ (ಕುದುರೆ ನೋಡಿಕೊಳ್ಳುವವರು), "ಸಾರ್, ಹೆಣ್ಣುಕುದುರೆ ಲದ್ದಿ ನೋಡಿ, ಆಡಿನ ಹಿಕ್ಕೆ ಥರ ಆಗಿದೆ" ಎಂದರು. ಬಿಸಿಲಿಗೆ ಹಾಗಾಗಿರಬೇಕೆಂದು ನಾನು ತಳ್ಳಿಹಾಕಿದೆ. ಅಂದು ರಾತ್ರಿ ಅದು ಮೇವು ಬಿಟ್ಟು, ಮುಂಗಾಲಿನಿಂದ ನೆಲ ಕೆರೆಯುತ್ತಾ, ತಿರುತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತಿತ್ತು. ವಸಡು ಮುಟ್ಟಿದರೆ ಅಂಟುತ್ತಿತ್ತು. ಬೆರಳಿನಿಂದ ಒತ್ತಿ ಬಿಟ್ಟಾಗ ಎರಡು ಸೆಕೆಂಡಿನೊಳಗೆ ಮರಳಬೇಕಾದ ನಸುಗೆಂಪು ಬಣ್ಣ ಮೂರು ಎಣಿಸಿದರೂ ಮರಳಲಿಲ್ಲ.

ಪಶುವೈದ್ಯರು ಬಂದು ಕೈಹಾಕಿ ಪರೀಕ್ಷಿಸಿ, ದೊಡ್ಡ ಕರುಳು ಕಿರಿದಾಗಿ ತಿರುಗುವ ಜಾಗದಲ್ಲಿ ಒಣಮೇವು ಗಟ್ಟಿಯಾಗಿ ಕಟ್ಟಿಕೊಂಡಿದೆ ಎಂದರು. ಕುದುರೆಗೆ ವಾಂತಿ ಮಾಡಿಕೊಳ್ಳಲು ಆಗುವುದಿಲ್ಲವಾದ್ದರಿಂದ, ಮೂಗಿನ ಮೂಲಕ ಜಠರಕ್ಕೆ ಕೊಳವೆ ಇಳಿಸಿ, ಒಳಗೆ ಏನೂ ತುಂಬಿ ನಿಂತಿಲ್ಲವೆಂದು ಖಚಿತಪಡಿಸಿಕೊಂಡ ಮೇಲಷ್ಟೇ ಲವಣ ಬೆರೆಸಿದ ನೀರನ್ನೂ ಲಿಕ್ವಿಡ್ ಪ್ಯಾರಾಫಿನ್ ಅನ್ನೂ ಹರಿಸಿದರು. "ದಿನಕ್ಕೆ ಎಷ್ಟು ಲೀಟರ್ ಕುಡಿಯುತ್ತೆ?" ಎಂದು ಅವರು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಮಧ್ಯಾಹ್ನ ಲದ್ದಿ ಹಾಕಿದ ಮೇಲೆಯೇ ನಾವು ಊಟ ಮಾಡಿದ್ದು.

ಆಮೇಲೆ ಕುಳಿತು ಲೆಕ್ಕ ಹಾಕಿದೆ. ನೇಪಿಯರ್ ಹುಲ್ಲಿನಲ್ಲಿ ಹೆಚ್ಚುಕಡಿಮೆ ಶೇಕಡಾ 80ರಷ್ಟು ನೀರೇ ಇರುತ್ತದೆ. ದಿನಕ್ಕೆ 20 ಕಿಲೋ ತಿನ್ನುತ್ತಿದ್ದಾಗ ಸುಮಾರು 16 ಲೀಟರ್ ನೀರು ಮೇವಿನಿಂದಲೇ ಒಳಗೆ ಹೋಗುತ್ತಿತ್ತು. ಅದರ ಬದಲು ಕೊಟ್ಟ ಒಣಹುಲ್ಲಿನಿಂದ ಒಂದು ಲೀಟರ್ ಕೂಡ ಸಿಗುತ್ತಿರಲಿಲ್ಲ. ಆ ಕೊರತೆಯನ್ನು ಬಟ್ಟಲಿನಿಂದ ತುಂಬಿಕೊಳ್ಳಬೇಕಾದ ಹೊತ್ತಿಗೇ ಬಟ್ಟಲಿಗೆ ಪರಿಚಯವಿಲ್ಲದ ವಾಸನೆಯ ನೀರು ಬಂದಿತ್ತು.

ಬಟ್ಟಲಿನ ನಲ್ಲಿ ಮುಚ್ಚಿಸಿ, ಲೀಟರಿನ ಗೆರೆ ಹಾಕಿದ ಬಕೆಟ್‌ಗಳನ್ನು ಇಟ್ಟೆವು. ಒಣಮೇವು ತಿನ್ನುವ, 400 ಕಿಲೋ ತೂಕದ ಕುದುರೆ ಕೆಲಸವಿಲ್ಲದ ದಿನವೂ 20ರಿಂದ 30 ಲೀಟರ್ ಕುಡಿಯಬೇಕು. ನಮ್ಮ ಹೆಣ್ಣುಕುದುರೆ ಮೊದಲ ದಿನ ಕುಡಿದದ್ದು 13. ಪಕ್ಕದ ತೋಟದ ಬಾವಿಯ ನೀರು ತಂದಿಟ್ಟರೆ ತಲೆ ಎತ್ತದೆ ಅರ್ಧ ಬಕೆಟ್ ಖಾಲಿ ಮಾಡಿತು. ಗಂಡುಕುದುರೆಗೆ ಈ ಬಿಂಕವಿಲ್ಲ, ಅದು ಯಾವ ನೀರಾದರೂ ಕುಡಿಯುತ್ತದೆ. ಹೆಣ್ಣುಕುದುರೆಗೆ ಮಾತ್ರ ಬಾವಿಯ ನೀರಿಗೆ ಟ್ಯಾಂಕರ್ ನೀರನ್ನು ಮೊದಲು ಕಾಲುಭಾಗ, ನಂತರ ಅರ್ಧ ಬೆರೆಸುತ್ತಾ ಹತ್ತು ದಿನಗಳಲ್ಲಿ ರೂಢಿ ಮಾಡಿಸಿದೆವು. ಒಣಸೊಪ್ಪನ್ನು ಅರ್ಧ ಗಂಟೆ ನೆನೆಸಿಯೂ, ಬೂಸಾವನ್ನು ಗಂಜಿಯಂತೆ ಕಲಸಿಯೂ ಕೊಟ್ಟೆವು. ಬೂಸಾಕ್ಕೆ 30 ಗ್ರಾಂ ಉಪ್ಪು ಹಾಕುವುದನ್ನು ಈಗಲೂ ಬಿಟ್ಟಿಲ್ಲ. ಕುದುರೆಯ ಬೆವರಿನಲ್ಲಿ ರಕ್ತದಲ್ಲಿರುವಷ್ಟೇ ಅಥವಾ ಅದಕ್ಕಿಂತ ಹೆಚ್ಚು ಲವಣ ಇರುವುದರಿಂದ, ಬಹಳ ಬೆವರಿದರೂ ರಕ್ತದಲ್ಲಿನ ಲವಣದ ಪ್ರಮಾಣ ಏರದೆ, ಅದಕ್ಕೆ ಬಾಯಾರಿಕೆಯೇ ಸರಿಯಾಗಿ ತಿಳಿಯುವುದಿಲ್ಲ.

ಸವಾರಿಯಿಂದ ಬಂದ ಕುದುರೆಗೆ ಮೈ ಆರುವವರೆಗೆ ನೀರು ಕೊಡಬಾರದೆಂಬುದು ಸೈಸ್ ಅವರ ಹಳೆಯ ನಂಬಿಕೆ. ಅದು ತಪ್ಪೆಂದು ವೈದ್ಯರೇ ಹೇಳಿದ ಮೇಲೂ ಅವರು ಒಪ್ಪಲು ಎರಡು ವಾರ ಹಿಡಿಯಿತು. ಜೀನು ಇಳಿಸಿದೊಡನೆ ಮುಂದಿಟ್ಟರೆ ಕುಡಿಯುವ ಕುದುರೆ, ಒಂದು ಗಂಟೆ ಕಳೆದರೆ ಬಕೆಟ್ ಕಡೆ ತಿರುಗಿಯೂ ನೋಡದಿರುವುದನ್ನು ಕಣ್ಣಾರೆ ಕಂಡೇ ಅವರು ಬದಲಾದರು.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಒಂದು ದಿನ ಪುಸ್ತಕದಲ್ಲಿ 12 ಲೀಟರ್ ಎಂದು ಬರೆದಿದ್ದನ್ನು ಕಂಡು, ಗಾಬರಿಯಿಂದ ಲಾಯಕ್ಕೆ ಓಡಿದೆ. ಲದ್ದಿ ಮೆತ್ತಗಿತ್ತು, ವಸಡು ತೇವವಾಗಿತ್ತು. ಸೈಸ್ ಮಾತಾಡದೆ, ಬಾಗಿಲ ಬಳಿ ಆಗತಾನೇ ಇಳಿಸಿದ್ದ ನೇಪಿಯರ್ ಹುಲ್ಲಿನ ಹೊರೆಯತ್ತ ಕೈ ತೋರಿಸಿದರು.