ಹಲಂತ ಹುಡುಕಿ ಕೆಟ್ಟೆ: ಟಿಬೆಟನ್ ಒತ್ತಕ್ಷರಗಳ ಜೊತೆ ನನ್ನ ಅನುಭವ

ಹಳೇ ಕನ್ನಡ ಫಾಂಟಿನ ಫೈಲುಗಳನ್ನು, ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ಗೆ ಬದಲಾಯಿಸುವುದು ನನಗೆ ರೂಢಿಯ ಕೆಲಸ. ಹಾಗಾಗಿ ಬೈಲಕುಪ್ಪೆಯ ಪರಿಚಯದ ಲಾಮಾ ಒಬ್ಬರು ಹಳೇ ಟಿಬೆಟನ್ ಫೈಲುಗಳನ್ನು ಕೊಟ್ಟಾಗ, ಎರಡು ದಿನ ಸಾಕು ಅಂದುಕೊಂಡೆ. ಅವುಗಳಲ್ಲಿ ಪ್ರತಿ ಒತ್ತಕ್ಷರವೂ ಒಂದು ಬಿಡಿ ಅಚ್ಚು. ಒಂದೇ ಫಾಂಟಿನಲ್ಲಿ ಹಿಡಿಸದೆ ಹಲವು ಫಾಂಟುಗಳಿಗೆ ಹಂಚಿದ್ದರು.

ಕನ್ನಡದಲ್ಲಿ ‘ಕ್ಯ’ ಬೇಕೆಂದರೆ ಕ, ಹಲಂತ (ಸ್ವರ ತೆಗೆಯುವ ಗುರುತು), ಯ ಅಲ್ವಾ? ಟಿಬೆಟನ್‌ನಲ್ಲೂ ಹಲಂತ ಇದೆ, ಯೂನಿಕೋಡ್ ಸಂಖ್ಯೆ 3972. ಅದನ್ನೇ ನಡುನಡುವೆ ತುರುಕಿದೆ. ಪುಟ ತೆರೆದರೆ ಒಂದು ಒತ್ತೂ ಕೂಡಿಲ್ಲ! ಅಕ್ಷರಗಳೆಲ್ಲ ಸಾಲಾಗಿ ನಿಂತಿವೆ, ಕೆಳಗೊಂದು ಗೀಟು. ಲಾಮಾ ನೋಡಿ ನಕ್ಕರು. ಆ ಗುರುತು ಸಂಸ್ಕೃತ ಬರೆಯುವಾಗ ಬರುವಂಥದ್ದಂತೆ.

ಆಮೇಲೆ ‘ಎಂಟು’ ಎಂಬರ್ಥದ ಟಿಬೆಟನ್ ಪದವನ್ನು ಬರೆದು ತೋರಿಸಿದರು. ಬ, ರ, ಗ, ಯ, ದ. ಬಾಯಲ್ಲಿ ಬರುವುದು ಹೆಚ್ಚುಕಮ್ಮಿ ‘ಗ್ಯೆ’ ಅಷ್ಟೇ. ನಡುವಿನ ರ, ಗ, ಯ ಒಂದರ ಕೆಳಗೊಂದು ಕೂರುತ್ತವೆ. ಬ ಮತ್ತು ದ ಆಚೀಚೆ ಸುಮ್ನೆ ನಿಂತಿರುತ್ತವೆ. ಅವಕ್ಕೂ ಸ್ವರವಿಲ್ಲ, ಆದರೂ ಒತ್ತಾಗುವುದಿಲ್ಲ. ನಾನು ಎಡವಿದ್ದೇ ಇಲ್ಲಿ. ನಮ್ಮಲ್ಲಿ ಸ್ವರ ಹೋದರೆ ಮುಂದಿನದು ಒತ್ತಾಗುತ್ತದೆ. ಅವರಲ್ಲಿ ಸ್ವರ ಇಲ್ಲದಿರುವುದೇ ಬೇರೆ, ಒತ್ತು ಕೂರುವುದೇ ಬೇರೆ. ಯಾವ ಅಕ್ಷರ ಕೆಳಗೆ ಹೋಗಬೇಕು ಅಂತ ಬಿಡಿಸಿ ಹೇಳಲೇಬೇಕು.

ಅದಕ್ಕೇ ಯೂನಿಕೋಡ್ ಕೆಳಗೆ ಕೂರುವ ವ್ಯಂಜನಗಳಿಗೆ ಬೇರೆಯೇ ಸಂಖ್ಯೆ ಕೊಟ್ಟಿದೆ. ಕ 3904, ಒತ್ತಿನ ಕ 3984. 80 ಕೂಡಿಸಿದರೆ ಆಯಿತು. 1991ರ ಮೊದಲ ಆವೃತ್ತಿಯವರೂ ನನ್ನ ಹಾಗೇ ಹಲಂತದ ದಾರಿ ಹಿಡಿದಿದ್ದರು ಎಂದು ತಿಳಿದಾಗ ಸ್ವಲ್ಪ ಸಮಾಧಾನವಾಯಿತು. 1993ರಲ್ಲಿ ಆ ಲಿಪಿಯನ್ನೇ ತೆಗೆದುಹಾಕಿ, 1996ರಲ್ಲಿ ಈ ಹೊಸ ಏರ್ಪಾಡಿನೊಂದಿಗೆ ಮತ್ತೆ ಸೇರಿಸಿದರು. ಅದರ ಹಳೇ ಸಂಖ್ಯೆಗಳ ಜಾಗದಲ್ಲಿ ಈಗ ಬರ್ಮಾದ ಲಿಪಿ ಇದೆ.

ಯಾವ ಅಚ್ಚಿಗೆ ಯಾವ ಸಂಖ್ಯೆ ಎಂಬ ನನ್ನ ಪಟ್ಟಿ ತಿದ್ದಿದ ಮೇಲೆ ಪುಟಗಳು ಚೆನ್ನಾಗಿಯೇ ಬಂದವು. ಆದರೆ ಹುಡುಕಿದರೆ ‘ಸಂಘ’ ಪದ ಕೆಲವು ಕಡೆ ಸಿಗುತ್ತಿತ್ತು, ಕೆಲವು ಕಡೆ ಇಲ್ಲ. ಕಣ್ಣಿಗೆ ಎರಡೂ ಒಂದೇ! ಜಾಸ್ತಿ ತಲೆ ತಿಂದದ್ದು ಇದೇ. ಸಂಸ್ಕೃತದ ಘ ಅಕ್ಷರಕ್ಕೆ 3907 ಎಂಬ ಒಂಟಿ ಸಂಖ್ಯೆ ಇದೆ. ಗ ಕೆಳಗೆ ಹ ಕೂರಿಸಿ, ಅಂದರೆ 3906ರ ಮುಂದೆ 4023 ಹಾಕಿಯೂ ಅದನ್ನು ಬರೆಯಬಹುದು. ಯೂನಿಕೋಡ್ ಲೆಕ್ಕದಲ್ಲಿ ಎರಡೂ ಸಮ, ಆದರೆ ನನ್ನ ಎಡಿಟರ್‌ಗೆ ಅದು ಗೊತ್ತಿರಲಿಲ್ಲ. ಕೊನೆಗೆ ಎಲ್ಲ ಫೈಲುಗಳಲ್ಲೂ ಒಂಟಿ ಘ ಒಡೆದು ಎರಡು ಸಂಖ್ಯೆ ಮಾಡಿದೆ. ಎರಡು ದಿನದ ಕೆಲಸ ಮೂರು ವಾರ ಹಿಡಿಯಿತು.