ಬೂತ್ ಏಜೆಂಟರೇ, ಮತಲೆಕ್ಕದ ನಮೂನೆ 17ಸಿ ಇಲ್ಲದೆ ಮತಗಟ್ಟೆ ಬಿಡಬೇಡಿ

ಹಾಲಿ ಶಾಸಕರ ಕಡೆಯವರಾಗಿರಿ, ಎದುರಾಳಿಯ ಕಡೆಯವರಾಗಿರಿ, ಮತಗಟ್ಟೆಯೊಳಗೆ ಕೂತವರ ಕೆಲಸ ಲೆಕ್ಕ ಹಿಡಿಯುವುದು. 2023ರಲ್ಲಿ ಶೃಂಗೇರಿಯಲ್ಲಿ ಘೋಷಣೆಯಾದ ಗೆಲುವಿನ ಅಂತರ ಬರೀ 201 ಮತ.

ನಿಮ್ಮ ನೇಮಕದ ಪತ್ರವಾದ ನಮೂನೆ 10ಕ್ಕೆ ಅಭ್ಯರ್ಥಿ ಇಲ್ಲವೇ ಅವರ ಚುನಾವಣಾ ಏಜೆಂಟರ ಸಹಿ ಹಾಕಿಸಿಕೊಂಡು, ಮತದಾರರ ಗುರುತಿನ ಚೀಟಿಯೊಂದಿಗೆ ಜೇಬಿನಲ್ಲಿಟ್ಟುಕೊಳ್ಳಿ. ಮತದಾನ 7ಕ್ಕೆ ಶುರುವಾದರೆ ಯಂತ್ರ ಪರೀಕ್ಷಿಸುವ ಅಣಕು ಮತದಾನ 5.30ಕ್ಕೆ. ತೀರ್ಥಹಳ್ಳಿ, ಹೊಸನಗರದ ಒಳಊರುಗಳಿಗೆ ಆ ಹೊತ್ತಿಗೆ ಬಸ್ಸೆಲ್ಲಿಯದು? ಹಿಂದಿನ ರಾತ್ರಿಯೇ ಹೋಗಿ ಆ ಊರಲ್ಲಿ ಉಳಿಯಿರಿ. ಏಜೆಂಟರು ಬರಲಿಲ್ಲವೆಂದು ಅಧಿಕಾರಿ ಕಾಯುವುದು 15 ನಿಮಿಷ ಅಷ್ಟೇ.

ಅಣಕು ಮತದಾನದಲ್ಲಿ ಕನಿಷ್ಠ 50 ಮತ, ನೋಟಾಕ್ಕೂ ಸೇರಿ ಬೀಳಬೇಕು. ಆಮೇಲೆ ಯಂತ್ರದ ಕ್ಲೋಸ್, ರಿಸಲ್ಟ್, ಕ್ಲಿಯರ್ ಗುಂಡಿಗಳು, ಇದೇ ಕ್ರಮ. ಎಡವಟ್ಟಾಗುವುದು ಇಲ್ಲೇ: ಗಡಿಬಿಡಿಯಲ್ಲಿ ಕ್ಲಿಯರ್ ಒತ್ತುವುದು ಮರೆತರೆ ಅಣಕು ಮತಗಳು ಅಸಲಿಯೊಂದಿಗೆ ಬೆರೆತುಹೋಗುತ್ತವೆ. ಟೋಟಲ್ ಗುಂಡಿ ಒತ್ತಿಸಿ ಸೊನ್ನೆ ನೋಡಿ. ಮತದ ಚೀಟಿ ಮುದ್ರಿಸುವ ವಿವಿಪ್ಯಾಟ್ ಯಂತ್ರದ ಪೆಟ್ಟಿಗೆ ಖಾಲಿಯಾಗಿ, ಚೀಟಿಗಳು ಕಪ್ಪು ಲಕೋಟೆಗೆ ಹೋದದ್ದನ್ನೂ ಕಣ್ಣಾರೆ ನೋಡಿ. ಕಂಟ್ರೋಲ್ ಯೂನಿಟ್ (ಮತ ದಾಖಲಾಗುವ, ಅಧಿಕಾರಿಯ ಬಳಿ ಇರುವ ಯಂತ್ರ), ವಿವಿಪ್ಯಾಟ್, ಯಂತ್ರಕ್ಕೆ ಹಾಕುವ ಹಸಿರು ಪೇಪರ್ ಸೀಲ್, ಎಲ್ಲದರ ಸಂಖ್ಯೆ ಬರೆದುಕೊಳ್ಳಿ. ಮೊಬೈಲ್ ಒಳಗೆ ಬಿಡುವುದಿಲ್ಲ. ಫೋಟೊ ಹೊಡೆದರಾಯ್ತು ಅಂದುಕೊಂಡು ಬಂದವರಿಗೆ ಪೆನ್ನೂ ಇರುವುದಿಲ್ಲ.

ಮತದಾರರ ಗುರುತಿನ ಬಗ್ಗೆ ತಕರಾರಿದ್ದರೆ ಜಗಳಕ್ಕಿಳಿಯಬೇಡಿ. 2 ರೂಪಾಯಿ ಕಟ್ಟಿ ಆಕ್ಷೇಪ ಸಲ್ಲಿಸಿ, ವಿಚಾರಣೆಯನ್ನು ಅಧಿಕಾರಿಯೇ ಮಾಡುತ್ತಾರೆ.

ಮೇ ತಿಂಗಳ ಗುಡುಗು ಮಳೆಗೆ ಕರೆಂಟು ಹೋದರೂ ಯಂತ್ರ ಬ್ಯಾಟರಿಯಲ್ಲಿ ನಡೆಯುತ್ತದೆ. ಮತ ಹಾಕುವ ಮೂಲೆ ಮಾತ್ರ ಕತ್ತಲಾಗಿ ವಯಸ್ಸಾದವರು ತಡಕಾಡುತ್ತಾರೆ, ದೀಪ ಕೇಳಿ. ಎರಡು ಗಂಟೆಗೊಮ್ಮೆ ಯಂತ್ರದ ಟೋಟಲ್ಲನ್ನು ಮತ ಹಾಕಲು ಬಂದವರನ್ನು ದಾಖಲಿಸುವ 17ಎ ರಿಜಿಸ್ಟರಿಗೆ ತಾಳೆ ನೋಡಿಸಿ.

ಸಮಯ ಮುಗಿದಾಗ ಸಾಲಿನಲ್ಲಿದ್ದವರಿಗೆಲ್ಲ ಚೀಟಿ ಕೊಡುತ್ತಾರೆ, ಬಾಲದಿಂದ ಶುರುಮಾಡಿ ತಲೆಯ ಕಡೆಗೆ. ತಲೆಯಿಂದ ಕೊಟ್ಟರೆ ತಡವಾಗಿ ಬಂದವರು ಹಿಂದೆ ನುಸುಳುತ್ತಾರೆ. ಕ್ಲೋಸ್ ಒತ್ತಿದ ಮೇಲೆ 17ಸಿ ತುಂಬುತ್ತಾರೆ. ದಣಿದ ಏಜೆಂಟರು ಮನೆ ಕಡೆ ನೋಡುವುದೂ ಆಗಲೇ. 17ಸಿಯ ಅಂಕಿಗಳನ್ನು ನೀವು ಬರೆದುಕೊಂಡ ಲೆಕ್ಕಕ್ಕೆ ಹೋಲಿಸಿ, ಅಧಿಕಾರಿಯ ಸಹಿಯಿರುವ ಪ್ರತಿ ಪಡೆದು, ಎಣಿಕೆ ಏಜೆಂಟರಿಗೆ ತಲುಪಿಸಿ.

ಎಣಿಕೆ ಮೇಜಿನಲ್ಲಿ ರಿಸಲ್ಟ್ ಒತ್ತುವ ಮೊದಲು ಅವರು ಯಂತ್ರದ ಸಂಖ್ಯೆ, ಒಟ್ಟು ಮತ ಎರಡನ್ನೂ ಆ ಪ್ರತಿಯೊಂದಿಗೆ ನೋಡಬೇಕು. ತಾಳೆಯಾಗದ ಯಂತ್ರವನ್ನು ಪಕ್ಕಕ್ಕಿಡುತ್ತಾರೆ. ಗೆಲುವಿನ ಅಂತರ ಅಂಥ ಮತಗಟ್ಟೆಗಳ ಒಟ್ಟು ಮತಕ್ಕಿಂತ ಕಡಿಮೆಯಿದ್ದರೆ ಕೊನೆಗೆ ಅವುಗಳ ವಿವಿಪ್ಯಾಟ್ ಚೀಟಿಗಳನ್ನೇ ಎಣಿಸುತ್ತಾರೆ.