ಜಿಟಿಟಿಗೆ ಬಾರದ ತಾಯಂದಿರು ಮಗುವಿನ ಸೂಜಿಗೆ ಬಂದರು

ಆಸ್ಟ್ರೇಲಿಯಾದ ನಡುಭಾಗದ ಆಲಿಸ್ ಸ್ಪ್ರಿಂಗ್ಸ್ ಪೇಟೆಯ ಪಶ್ಚಿಮಕ್ಕಿರುವ ಮರುಭೂಮಿಯ ಕ್ಲಿನಿಕ್ಕುಗಳಲ್ಲಿ ನಾನು ನರ್ಸ್. ಬಸುರಿಯಲ್ಲಿ ಸಕ್ಕರೆ ಬಂದ ಅಬೊರಿಜಿನಲ್ (ಮೂಲನಿವಾಸಿ) ಹೆಂಗಸರನ್ನು ಹೆರಿಗೆಯಾಗಿ 6ರಿಂದ 12 ವಾರದೊಳಗೆ ಜಿಟಿಟಿಗೆ, ಅಂದರೆ ಗ್ಲೂಕೋಸ್ ಕುಡಿಸಿ ರಕ್ತದ ಸಕ್ಕರೆ ನೋಡುವ ಪರೀಕ್ಷೆಗೆ, ಕರೆಸಬೇಕು. ಮೊದಲ ವರ್ಷ ಪಟ್ಟಿಯಲ್ಲಿದ್ದವರು ಮೂವತ್ತರಷ್ಟು, ಮುಗಿಸಿದವರು ನಾಲ್ಕೋ ಐದೋ. ಮೊಲೆಹಾಲು ಕುಡಿಸುವವಳು ಉಪವಾಸವಿದ್ದು, 75 ಗ್ರಾಂ ಗ್ಲೂಕೋಸ್ ಕುಡಿದು, ಎರಡು ಗಂಟೆ ಕೂರುವುದೆಲ್ಲಿ? ಊರಲ್ಲಿ ಸಾವಾದರೆ ಮನೆಮಂದಿಯೆಲ್ಲ ಬೇರೆ ಊರಿಗೆ ಹೊರಟಿರುತ್ತಾರೆ. ಅವರನ್ನು ಹುಡುಕಿ ಸುತ್ತಿದ ಡೀಸೆಲ್ಲಿಗೇ ತಿಂಗಳಿಗೆ ನಾನೂರು ಡಾಲರ್ ಹೋಗುತ್ತಿತ್ತು.

ತನಗಾಗಿ ಬಾರದವಳು ಮಗುವಿನ ಲಸಿಕೆಯ ಸೂಜಿಗೆ ತಪ್ಪದೆ ಬರುತ್ತಾಳೆ. ಹಾಗಾಗಿ ನಾಲ್ಕನೇ ತಿಂಗಳ ಸೂಜಿಯ ದಿನವೇ ತಾಯಿಗೂ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ), ಮೂತ್ರದ ಎಸಿಆರ್ (ಕಿಡ್ನಿಯಿಂದ ಪ್ರೋಟೀನ್ ಸೋರುತ್ತಿದೆಯೇ ಎಂದು ನೋಡುವ ಪರೀಕ್ಷೆ) ಎರಡನ್ನೂ ಮಾಡತೊಡಗಿದೆ. ಕ್ಲಿನಿಕ್ಕಿನಲ್ಲೇ ಇವನ್ನು ಅಳೆಯುವ ಡಿಸಿಎ ಯಂತ್ರಕ್ಕೆ ಎಚ್‌ಬಿಎ1ಸಿಗೆ ಬೆರಳಿನ ಒಂದು ಹನಿ ರಕ್ತ ಸಾಕು, ಆರೇಳು ನಿಮಿಷದಲ್ಲಿ ಉತ್ತರ. 'ಇದು ಜಿಟಿಟಿಗೆ ಸಮವಲ್ಲ, ಕೆಲವರು ತಪ್ಪಿಹೋಗ್ತಾರೆ' ಅಂದರು ಜೊತೆಯವರು. ನಿಜವೇ. ಆದರೆ ಜಿಟಿಟಿಯಲ್ಲಿ ಇಪ್ಪತ್ತೈದು ಜನ ತಪ್ಪಿಹೋಗುತ್ತಿದ್ದರಲ್ಲ!

ಎಡವಿದ್ದೂ ಉಂಟು. 44 ಡಿಗ್ರಿ ಬಿಸಿಲಲ್ಲಿ ಕಾರಿನಲ್ಲೇ ಬಿಟ್ಟ ಆ ಯಂತ್ರದ ಒಂದು ಪೆಟ್ಟಿಗೆ ಪರೀಕ್ಷಾ ಕಾರ್ಟ್ರಿಜ್ ಪೂರ್ತಿ ಹಾಳಾಯಿತು, ನೂರಕ್ಕೂ ಹೆಚ್ಚು ಡಾಲರ್ ನಷ್ಟ. ಆತುರಪಟ್ಟು ಆರನೇ ವಾರಕ್ಕೇ ಎಸಿಆರ್ ನೋಡಿ ಇಬ್ಬರನ್ನು ಹೆದರಿಸಿಬಿಟ್ಟೆ. ಹೆರಿಗೆಯ ರಕ್ತಸ್ರಾವ, ಸೋಂಕು ಇದ್ದಾಗ ಅದು ಸುಮ್ಮನೆ ಏರುತ್ತದೆ. ಮುಂದೆ ನೋಡಿದಾಗ ಇಬ್ಬರದೂ ಸರಿಯಿತ್ತು.

ನಡುವೆ ಕ್ಲಿನಿಕ್ಕಿನ ಹಿಂದೆ ಬೆಂಕಿ ಹಾಕಿ ಕಾಂಗರೂ ಬಾಲ ಸುಡಿಸಿದೆ. ಅಜ್ಜಿಯರು ಬಂದು ಕೂತರು, ಮೊಮ್ಮಕ್ಕಳನ್ನೂ ಸೊಸೆಯಂದಿರನ್ನೂ ಅವರೇ ಎಳೆತಂದರು. ಸಕ್ಕರೆಯ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಕಿಡ್ನಿ ಅಂದೊಡನೆ ಸುಮ್ಮನಾದರು. ವಾರಕ್ಕೆ ಮೂರು ದಿನ ಡಯಾಲಿಸಿಸ್ಸಿಗೆಂದು ಪೇಟೆಯಲ್ಲೇ ಉಳಿದ ಒಬ್ಬರಾದರೂ ಪ್ರತಿ ಮನೆಗೂ ಇದ್ದಾರೆ. ಪಶ್ಚಿಮದ ಕಿಂಟೋರ್ ಎಂಬ ಊರಿನ ಪಿಂಟುಪಿ ಜನಾಂಗದ ಚಿತ್ರಕಾರರು 2000ದಲ್ಲಿ ಚಿತ್ರ ಹರಾಜಿಟ್ಟು ಹತ್ತು ಲಕ್ಷ ಡಾಲರ್‌ಗೂ ಮೀರಿ ಕೂಡಿಸಿದ್ದು, ತಮ್ಮವರು ಊರಲ್ಲೇ ಡಯಾಲಿಸಿಸ್ ಮಾಡಿಸಿಕೊಳ್ಳಲಿ ಎಂದೇ.

ಯಾವ ಮನೆಗೆ ಮೊದಲು ಹೋಗಬೇಕು, ಯಾರ ಮುಂದೆ ಮಾತೆತ್ತಬಾರದು ಎಂಬುದನ್ನು ಇಲ್ಲಿ ಬರೆಯಲಾರೆ. ಅದು ನನ್ನ ಜೊತೆಗಿದ್ದ ಅಬೊರಿಜಿನಲ್ ಆರೋಗ್ಯ ಕಾರ್ಯಕರ್ತೆಯ ಅರಿವು.

ಕಳೆದ ವರ್ಷ ಮೂವತ್ತರಲ್ಲಿ ಇಪ್ಪತ್ತೆರಡು ಮಂದಿಯ ಪರೀಕ್ಷೆಯಾಯಿತು, ನಮ್ಮ ಸುತ್ತಿನಲ್ಲಿ ಹಿಂದೆಂದೂ ಇಷ್ಟಾಗಿರಲಿಲ್ಲ. ಆರು ಜನರ ಎಸಿಆರ್ ಹೆಂಗಸರ ಮಿತಿಯಾದ 3.5 ಮೀರಿತ್ತು. ಮತ್ತೆ ನೋಡಿ ಖಚಿತವಾದವರಿಗೆ ಡಾಕ್ಟರು ಕಿಡ್ನಿ ಕಾಪಾಡುವ ಎಸಿಇ ಮಾತ್ರೆ (ರಕ್ತದೊತ್ತಡಕ್ಕೂ ಕೊಡುವಂಥದ್ದು) ಶುರುಮಾಡಿದರು, ಬಸುರಿನಲ್ಲಿ ಅದು ಸಲ್ಲದಾದ್ದರಿಂದ ಮೊದಲು ಗರ್ಭನಿರೋಧಕದ ಮಾತಾಡಿಯೇ. ಅವರಲ್ಲೊಬ್ಬಳದು 9 ಇತ್ತು, ಅವಳ ಚಿಕ್ಕಮ್ಮ ಪೇಟೆಯಲ್ಲಿ ಡಯಾಲಿಸಿಸ್ಸಿನಲ್ಲಿದ್ದಾರೆ. ಮೂರು ತಿಂಗಳಿಗೆ ಕರೆಯದೆಯೇ ಬಂದಳು. ಮಗುವಿನ ಗಾಡಿಯಲ್ಲಿ, ಡೈಪರ್ ಚೀಲದ ಪಕ್ಕ, ಕರವಸ್ತ್ರದಲ್ಲಿ ಸುತ್ತಿಟ್ಟ ಬೆಳಗಿನ ಮೊದಲ ಮೂತ್ರದ ಡಬ್ಬಿ. 4ಕ್ಕೆ ಇಳಿದಿತ್ತು.